ಲೇಖನವನ್ನು ಹುಟ್ಟಿಸಿದ ಸನ್ನಿವೇಶ: ಮನವೊಲಿಸುವ ಬರಹವನ್ನು ವಿಶ್ಲೇಷಿಸುವ ಬಗೆ

ಓದುಗರ ಮನವೊಲಿಸಲೆಂದೇ ಬರೆದ ಒಂದು ಲೇಖನವನ್ನು ಕೊಟ್ಟು, ಅದನ್ನು ವಿಶ್ಲೇಷಿಸಿ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಬಹುಪಾಲು ಸಿಗುವುದು ಒಂದು ಪಟ್ಟಿ. ಲೇಖಕರು ಇಲ್ಲಿ ಅಂಕಿ-ಅಂಶಗಳನ್ನು ಬಳಸಿದ್ದಾರೆ, ಇಲ್ಲಿ ಕನಿಕರ ಹುಟ್ಟಿಸಿದ್ದಾರೆ, ಇಲ್ಲಿ ತಮ್ಮ ಅನುಭವವನ್ನು ಮುಂದಿಟ್ಟು ನಂಬಿಕೆ ಗಳಿಸಿದ್ದಾರೆ ಎಂದು ಅದು ಸಾಗುತ್ತದೆ. ಇದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಹೆಚ್ಚುಕಡಿಮೆ ಇದೇ ಪಟ್ಟಿಯನ್ನು ಜಗತ್ತಿನ ಯಾವ ಲೇಖನಕ್ಕಾದರೂ ಅಂಟಿಸಬಹುದು ಎಂಬುದೇ ಅದರ ದೌರ್ಬಲ್ಯ. ಆ ಅಂಕಿ-ಅಂಶವೇ ಏಕೆ, ಆ ಭಾವನೆಯೇ ಏಕೆ, ಆ ವಾರವೇ ಏಕೆ, ಆ ಪತ್ರಿಕೆಯೇ ಏಕೆ ಎಂಬ ಪ್ರಶ್ನೆಗಳಿಗೆ ಪಠ್ಯವೊಂದೇ ಉತ್ತರ ಕೊಡಲಾರದು. ಆ ಲೇಖನ ಯಾವ ಸನ್ನಿವೇಶಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟಿತೋ ಅದನ್ನು ಮೊದಲು ಗುರುತಿಸಿಕೊಂಡರೆ ಮಾತ್ರ, ಲೇಖಕರು ಮಾಡಿದ ಒಂದೊಂದು ಆಯ್ಕೆಗೂ ಕಾರಣ ಹೇಳಲು ಸಾಧ್ಯವಾಗುತ್ತದೆ.

ಮನವೊಲಿಕೆಯ ಶಾಸ್ತ್ರವಾದ ರೆಟರಿಕ್ ಬಹಳ ಹಳೆಯದು; ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಅರಿಸ್ಟಾಟಲ್ ಅದಕ್ಕೆ ವ್ಯವಸ್ಥಿತ ರೂಪ ಕೊಟ್ಟಿದ್ದ. ಆದರೆ ಮಾತಿನ ಹಿಂದಿನ ಸನ್ನಿವೇಶವನ್ನೇ ಅಧ್ಯಯನದ ಕೇಂದ್ರಕ್ಕೆ ತಂದವರು ಅಮೆರಿಕದ ವಿದ್ವಾಂಸ ಲಾಯ್ಡ್ ಬಿಟ್ಜರ್. 1968ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ವಾದವನ್ನು ಹೀಗೆ ಹೇಳಬಹುದು: ಪ್ರಶ್ನೆಯಿದ್ದಾಗ ಉತ್ತರ ಹುಟ್ಟುವಂತೆ, ಸಮಸ್ಯೆಯಿದ್ದಾಗ ಪರಿಹಾರ ಹುಟ್ಟುವಂತೆ, ಮನವೊಲಿಸುವ ಮಾತು ಒಂದು ಸನ್ನಿವೇಶಕ್ಕೆ ಪ್ರತಿಕ್ರಿಯೆಯಾಗಿ ಹುಟ್ಟುತ್ತದೆ. ಆ ಸನ್ನಿವೇಶದಲ್ಲಿ ಅವರು ಮೂರು ಅಂಗಗಳನ್ನು ಗುರುತಿಸಿದರು: ಮಾತನ್ನು ಅನಿವಾರ್ಯವಾಗಿಸುವ ತುರ್ತು, ಆ ಮಾತಿನಿಂದ ಪ್ರಭಾವಿತರಾಗಿ ಏನನ್ನಾದರೂ ಬದಲಿಸಬಲ್ಲ ಓದುಗರು ಅಥವಾ ಕೇಳುಗರು, ಮತ್ತು ಆ ಬದಲಾವಣೆಯ ದಾರಿಯನ್ನು ರೂಪಿಸುವ ನಿರ್ಬಂಧಗಳು. ನೋಡಲು ಸರಳವಾಗಿರುವ ಈ ಮೂರರಲ್ಲಿ ಪ್ರತಿಯೊಂದನ್ನೂ ತಪ್ಪಾಗಿ ಗ್ರಹಿಸುವುದು ಸುಲಭ.

ತುರ್ತನ್ನು ಲೇಖನದ ವಿಷಯದೊಂದಿಗೆ ಬೆರೆಸುವುದು ಮೊದಲ ತಪ್ಪು. ಜಲಮಾಲಿನ್ಯ ಒಂದು ವಿಷಯ. ಒಂದು ನದಿಗೆ ಕೊಳಚೆ ನೀರನ್ನು ಬಿಡಲು ಅನುಮತಿ ಕೊಡುವ ತೀರ್ಮಾನ ಮುಂದಿನ ವಾರ ಆಗಲಿದೆ, ಅದರ ಬಗ್ಗೆ ಆಕ್ಷೇಪ ಸಲ್ಲಿಸಲು ಜನರಿಗೆ ಇನ್ನೂ ಅವಕಾಶವಿದೆ ಎಂಬುದು ತುರ್ತು. ಬಿಟ್ಜರ್ ಇಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಗೆರೆ ಎಳೆದರು: ಕೊರತೆ ಅಥವಾ ಸಂಕಟ ಎಷ್ಟೇ ದೊಡ್ಡದಿದ್ದರೂ ಮಾತಿನಿಂದ ಅದನ್ನು ಬದಲಿಸಲಾಗದಿದ್ದರೆ ಅದು ಮನವೊಲಿಕೆಯ ತುರ್ತಲ್ಲ. ಸಾವನ್ನು ತಡೆಯಲು ಲೇಖನ ಬರೆಯಲಾಗದು, ಚಳಿಗಾಲವನ್ನು ಮುಂದೂಡುವಂತೆ ಯಾರನ್ನೂ ಒಪ್ಪಿಸಲಾಗದು. ಭೂಕಂಪವೂ ಅಷ್ಟೇ, ಆದರೆ ಭೂಕಂಪದ ನಂತರ ಕಟ್ಟಡ ನಿಯಮಗಳನ್ನು ಬಿಗಿಗೊಳಿಸಬೇಕೇ ಎಂಬುದು ಮಾತಿನಿಂದ ತೀರ್ಮಾನವಾಗಬಲ್ಲ ಸಂಗತಿ. ಹಾಗಾಗಿ ವಿಶ್ಲೇಷಕ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಈ ಲೇಖನ ಯಾವುದರ ಬಗ್ಗೆ ಎಂಬುದಲ್ಲ, ಈ ಲೇಖನ ಬರದೇ ಹೋಗಿದ್ದರೆ ಏನು ಹಾಗೆಯೇ ಉಳಿದುಬಿಡುತ್ತಿತ್ತು ಎಂಬುದು.

ಎರಡನೆಯ ತಪ್ಪು ಓದುಗರ ವಿಚಾರದಲ್ಲಿ ಆಗುತ್ತದೆ. ಸಾರ್ವಜನಿಕರೇ ಇದರ ಓದುಗರು ಎಂದು ಬರೆದುಬಿಟ್ಟರೆ ಏನನ್ನೂ ಹೇಳಿದಂತಾಗುವುದಿಲ್ಲ. ಬಿಟ್ಜರ್ ಅವರ ಪ್ರಕಾರ ಲೇಖನ ಕೈಗೆ ಸಿಕ್ಕವರೆಲ್ಲ ಈ ಅರ್ಥದಲ್ಲಿ ಓದುಗರಲ್ಲ. ಮಾತಿಗೆ ಬಾಗಬಲ್ಲವರು ಮತ್ತು ಬಾಗಿದ ಮೇಲೆ ಏನಾದರೂ ಮಾಡಬಲ್ಲವರು ಮಾತ್ರ ಓದುಗರು. ಲೇಖನವು ಹೆಸರಿಟ್ಟು ಸಂಬೋಧಿಸುವ ವ್ಯಕ್ತಿ ಒಬ್ಬರಿರಬಹುದು, ಅದು ನಿಜವಾಗಿ ತಲುಪಬೇಕೆಂದಿರುವ ಗುಂಪು ಇನ್ನೊಂದಿರಬಹುದು. 1963ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರು ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರವು, ಅವರ ಚಳವಳಿಯನ್ನು ಪತ್ರಿಕೆಯಲ್ಲಿ ಟೀಕಿಸಿದ್ದ ಎಂಟು ಮಂದಿ ಬಿಳಿಯ ಧರ್ಮಗುರುಗಳನ್ನು ಉದ್ದೇಶಿಸಿತ್ತು. ಆದರೆ ಅದರ ವಾದದ ಭಾರವೆಲ್ಲ ಬೀಳುವುದು, ನ್ಯಾಯವನ್ನು ಒಪ್ಪುತ್ತಲೇ ಇನ್ನಷ್ಟು ಕಾಯಿರಿ ಎನ್ನುತ್ತಿದ್ದ ದೇಶದಾದ್ಯಂತದ ಮಧ್ಯಮಮಾರ್ಗಿ ಬಿಳಿಯರ ಮೇಲೆ. ಸಂಬೋಧನೆ ಎಂಟು ಜನರಿಗೆ. ಆ ಎಂಟು ಜನರೂ ಧರ್ಮಗುರುಗಳಾಗಿದ್ದರಿಂದ ಸಂತ ಪೌಲ, ಅಗಸ್ಟೀನ್, ಅಕ್ವಿನಾಸ್ ಮುಂತಾದವರನ್ನು ಸಾಕ್ಷಿಗೆ ಕರೆಯಲು ಕಿಂಗ್ ಅವರಿಗೆ ಸಹಜವಾದ ದಾರಿ ಸಿಕ್ಕಿತು. ಆ ಸಾಕ್ಷ್ಯ ಕೇಳಿಸಬೇಕಾಗಿದ್ದದ್ದು ಮಾತ್ರ ಇನ್ನೂ ದೊಡ್ಡ ಸಮುದಾಯಕ್ಕೆ.

ನಿರ್ಬಂಧ ಎಂಬ ಮಾತು ಕೇಳಿದೊಡನೆ ಅಡೆತಡೆಗಳಷ್ಟೇ ಮನಸ್ಸಿಗೆ ಬರುತ್ತವೆ. ಇಲ್ಲಿ ಅದರ ವ್ಯಾಪ್ತಿ ದೊಡ್ಡದು. ಕಾನೂನು, ಓದುಗರ ಪೂರ್ವಗ್ರಹ, ಪತ್ರಿಕೆಯ ಸ್ಥಳಮಿತಿ, ಲಭ್ಯವಿರುವ ಸಾಕ್ಷ್ಯ, ಲೇಖಕರ ಹೆಸರಿಗಿರುವ ತೂಕ ಅಥವಾ ಕಳಂಕ, ಆ ವಿಷಯದ ಬಗ್ಗೆ ಆಗಲೇ ನಡೆದಿರುವ ಚರ್ಚೆ, ಇವೆಲ್ಲವೂ ಅದರಲ್ಲಿ ಸೇರುತ್ತವೆ. ಇವುಗಳಲ್ಲಿ ಕೆಲವು ಲೇಖಕರ ಕೈ ಕಟ್ಟುತ್ತವೆ, ಕೆಲವು ಅವರ ಕೈಗೆ ಆಯುಧವಾಗುತ್ತವೆ. ಒಂದೇ ಸಂಗತಿ ಎರಡೂ ಆಗುವುದುಂಟು, ಮತ್ತು ವಿಶ್ಲೇಷಣೆ ನಿಜಕ್ಕೂ ಸ್ವಾರಸ್ಯಕರವಾಗುವುದು ಅಂಥ ಕಡೆಯಲ್ಲೇ.

ಇಷ್ಟನ್ನು ಒಂದು ನಿಜವಾದ ಲೇಖನದ ಮೇಲೆ ಪ್ರಯೋಗಿಸಿ ನೋಡುವುದು ಒಳ್ಳೆಯದು. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1898ರ ಜನವರಿ 13ರಂದು ಪ್ಯಾರಿಸ್ಸಿನ ‘ಲೋರೋರ್’ ಪತ್ರಿಕೆಯ ಮುಖಪುಟದಲ್ಲಿ, ‘ನಾನು ಆರೋಪಿಸುತ್ತೇನೆ’ ಎಂಬ ಅರ್ಥದ ಶೀರ್ಷಿಕೆಯಡಿ ಪ್ರಕಟಿಸಿದ ಬಹಿರಂಗ ಪತ್ರಕ್ಕಿಂತ ಉತ್ತಮ ಉದಾಹರಣೆ ಸಿಗುವುದು ಕಷ್ಟ. ಹಿನ್ನೆಲೆ ಇಷ್ಟು: ಆಲ್‌ಫ್ರೆಡ್ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯನ್ನು, ಜರ್ಮನಿಗೆ ಸೇನಾ ರಹಸ್ಯ ಮಾರಿದ ಆರೋಪದ ಮೇಲೆ 1894ರ ಡಿಸೆಂಬರ್‌ನಲ್ಲಿ ಮಿಲಿಟರಿ ನ್ಯಾಯಾಲಯ ಮುಚ್ಚಿದ ಬಾಗಿಲ ಹಿಂದೆ ವಿಚಾರಿಸಿ, ಪ್ರತಿವಾದಿಗೆ ತೋರಿಸದ ರಹಸ್ಯ ಕಡತವೊಂದನ್ನು ನೋಡಿ ತಪ್ಪಿತಸ್ಥನೆಂದು ತೀರ್ಮಾನಿಸಿತ್ತು. ಅವನನ್ನು ದಕ್ಷಿಣ ಅಮೆರಿಕದ ಕರಾವಳಿಯಾಚೆಯ ಡೆವಿಲ್ಸ್ ಐಲ್ಯಾಂಡ್ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. 1896ರಲ್ಲಿ ಬೇಹುಗಾರಿಕೆ ವಿಭಾಗದ ಮುಖ್ಯಸ್ಥ ಪಿಕಾರ್, ನಿಜವಾದ ಅಪರಾಧಿ ಎಸ್ಟರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿ ಎಂಬುದನ್ನು ಕಂಡುಕೊಂಡ. ಮೇಲಧಿಕಾರಿಗಳು ಪಿಕಾರ್‌ನನ್ನೇ ದೂರದ ಟ್ಯುನೀಷಿಯಕ್ಕೆ ಕಳುಹಿಸಿದರು. ಕೊನೆಗೆ ಒತ್ತಡ ಹೆಚ್ಚಿ ಎಸ್ಟರ್‌ಹಾಜಿಯ ವಿಚಾರಣೆ ನಡೆದು, 1898ರ ಜನವರಿ 11ರಂದು ಮಿಲಿಟರಿ ನ್ಯಾಯಾಲಯ ಅವನನ್ನು ದೋಷಮುಕ್ತಗೊಳಿಸಿತು. ಜೋಲಾನ ಪತ್ರ ಬಂದದ್ದು ಅದಾದ ಎರಡೇ ದಿನಕ್ಕೆ.

ಈ ಪತ್ರದ ತುರ್ತು ಯಾವುದು? ನಿರಪರಾಧಿಯೊಬ್ಬ ಶಿಕ್ಷೆ ಅನುಭವಿಸುತ್ತಿದ್ದಾನೆ ಎಂಬುದು ಉತ್ತರವಾದರೆ, ಅದು ಮೂರು ವರ್ಷದಿಂದಲೂ ಇದ್ದ ಸಂಗತಿ. ಪತ್ರ ಆ ದಿನವೇ ಏಕೆ ಬಂತೆಂದು ಅದು ವಿವರಿಸುವುದಿಲ್ಲ. ಜನವರಿ 11ರ ತೀರ್ಪು ಮಾಡಿದ್ದು ಇನ್ನೊಂದು ಕೆಲಸ: ನಿಜವಾದ ಅಪರಾಧಿಯನ್ನು ಕಾನೂನುಬದ್ಧವಾಗಿ ನಿರ್ದೋಷಿಯಾಗಿಸಿ, ಡ್ರೈಫಸ್ ಪ್ರಕರಣವನ್ನು ಮತ್ತೆ ತೆರೆಯುವ ಸಹಜ ದಾರಿಯನ್ನೇ ಮುಚ್ಚಿತು. ಅಂದರೆ ತುರ್ತು ಅನ್ಯಾಯವೊಂದರಲ್ಲೇ ಇರಲಿಲ್ಲ. ಅನ್ಯಾಯವನ್ನು ಪ್ರಶ್ನಿಸಬಹುದಾದ ವೇದಿಕೆಯೇ ಇಲ್ಲವಾದದ್ದರಲ್ಲಿತ್ತು. ಹೀಗೆ ನಿಖರವಾಗಿ ಹೇಳಿದೊಡನೆ ಪತ್ರದ ಗುರಿಯೂ ನಿಖರವಾಗುತ್ತದೆ: ಸಾಕ್ಷ್ಯವನ್ನು ಬಹಿರಂಗವಾಗಿ ಕೇಳಲೇಬೇಕಾದ ಹೊಸ ನ್ಯಾಯಾಲಯವೊಂದನ್ನು ಸೃಷ್ಟಿಸಬೇಕಾಗಿತ್ತು.

ಇಲ್ಲಿ ನಿರ್ಬಂಧವೇ ಆಯುಧವಾದ ಬಗೆಯನ್ನು ಗಮನಿಸಬೇಕು. 1881ರ ಜುಲೈ 29ರ ಫ್ರೆಂಚ್ ಪತ್ರಿಕಾ ಕಾನೂನಿನ ಪ್ರಕಾರ ಸಾರ್ವಜನಿಕ ಅಧಿಕಾರಿಗಳ ಮಾನಹಾನಿ ಶಿಕ್ಷಾರ್ಹ ಅಪರಾಧವಾಗಿತ್ತು. ಆದರೆ ಅಂಥ ಪ್ರಕರಣದ ವಿಚಾರಣೆ ನಡೆಯುತ್ತಿದ್ದದ್ದು ಸಾಮಾನ್ಯ ನಾಗರಿಕರೇ ಜ್ಯೂರಿಯಾಗಿ ಕೂರುವ ನ್ಯಾಯಾಲಯದಲ್ಲಿ, ಮತ್ತು ಅಲ್ಲಿ ಆರೋಪಿಗೆ ತನ್ನ ಮಾತು ನಿಜವೆಂದು ಸಾಬೀತುಪಡಿಸುವ ಅವಕಾಶವಿತ್ತು. ಎಚ್ಚರದ ಲೇಖಕನಾಗಿದ್ದರೆ ಈ ಕಾನೂನಿನಿಂದ ತಪ್ಪಿಸಿಕೊಳ್ಳುವ ಹಾಗೆ ಮಾತನ್ನು ಮೃದುಗೊಳಿಸುತ್ತಿದ್ದ. ಜೋಲಾ ಪತ್ರದ ಕೊನೆಯಲ್ಲಿ ಆ ಕಾನೂನಿನ 30 ಮತ್ತು 31ನೆಯ ಕಲಮುಗಳನ್ನು ತಾನೇ ಉಲ್ಲೇಖಿಸಿ, ಅವುಗಳ ಅಡಿಯಲ್ಲಿ ತನ್ನ ಮೇಲೆ ಮೊಕದ್ದಮೆ ಹೂಡಬಹುದೆಂದು ತನಗೆ ಗೊತ್ತಿದೆ, ತಿಳಿದೇ ಅದಕ್ಕೆ ಒಡ್ಡಿಕೊಳ್ಳುತ್ತಿದ್ದೇನೆ ಎಂದು ಸಾರಿದ. ಅದಕ್ಕೂ ಹಿಂದಿನ ಸಾಲುಗಳಲ್ಲಿ ಸೇನಾಧಿಕಾರಿಗಳನ್ನೂ ಕೈಬರಹ ತಜ್ಞರನ್ನೂ ಹೆಸರು ಹಿಡಿದು, ಪ್ರತಿ ಬಾರಿಯೂ ‘ನಾನು ಆರೋಪಿಸುತ್ತೇನೆ’ ಎಂದು ಆರಂಭಿಸಿ, ಒಬ್ಬೊಬ್ಬರ ಮೇಲಿನ ದೋಷವನ್ನು ಬೇರೆ ಬೇರೆಯಾಗಿ ಹೇಳಿದ. ಶೈಲಿಯನ್ನಷ್ಟೇ ನೋಡುವ ವಿಶ್ಲೇಷಣೆ ಇದನ್ನು ಪುನರುಕ್ತಿ ಎಂಬ ಅಲಂಕಾರವೆಂದು ಗುರುತಿಸಿ ಸುಮ್ಮನಾಗುತ್ತದೆ. ಸನ್ನಿವೇಶ ಗೊತ್ತಿದ್ದವರಿಗೆ ಆ ಪುನರುಕ್ತಿಯಲ್ಲಿ ಆರೋಪಪಟ್ಟಿಯ ರಚನೆ ಕಾಣುತ್ತದೆ: ಒಂದೊಂದು ವಾಕ್ಯವೂ ಪ್ರತ್ಯೇಕವಾಗಿ ಮೊಕದ್ದಮೆಗೆ ಅರ್ಹವಾಗುವಂತೆ ಕಟ್ಟಿದ ವಾಕ್ಯ. ಸೇನೆಯಲ್ಲಿ ಕೆಲವರು ತಪ್ಪು ಮಾಡಿದ್ದಾರೆ ಎಂಬ ಸಾಮಾನ್ಯ ಮಾತಿನಿಂದ ಈ ಕೆಲಸ ಆಗುತ್ತಿರಲಿಲ್ಲ.

ಓದುಗರ ವಿಚಾರಕ್ಕೆ ಬಂದರೆ, ಪತ್ರದ ಸಂಬೋಧನೆ ಅಧ್ಯಕ್ಷ ಫೆಲಿಕ್ಸ್ ಫೋರ್‌ಗೆ. ಹಿಂದೊಮ್ಮೆ ಅಧ್ಯಕ್ಷರು ತನ್ನನ್ನು ಆದರದಿಂದ ಬರಮಾಡಿಕೊಂಡದ್ದನ್ನು ನೆನೆದು, ಅವರ ಕೀರ್ತಿಗೆ ಈ ಪ್ರಕರಣ ಮೆತ್ತಲಿರುವ ಕಳಂಕದ ಬಗ್ಗೆ ಕಾಳಜಿ ತೋರಿಸುತ್ತ ಜೋಲಾ ಪತ್ರವನ್ನು ಆರಂಭಿಸುತ್ತಾನೆ. ಇದೊಂದು ಮರ್ಯಾದೆಯ ಮಾತಿನ ಹಾಗೆ ಕಂಡರೂ, ಅಧ್ಯಕ್ಷರೊಬ್ಬರನ್ನೇ ಒಪ್ಪಿಸುವುದು ಉದ್ದೇಶವಾಗಿದ್ದರೆ ಖಾಸಗಿ ಪತ್ರವೇ ಸಾಕಾಗಿತ್ತು. ದೇಶದ ಅತ್ಯುನ್ನತ ಸ್ಥಾನವನ್ನು ಸಂಬೋಧಿಸಿದ್ದರಿಂದ ಪ್ರಕರಣ ಇಡೀ ಗಣರಾಜ್ಯದ ಗೌರವದ ಪ್ರಶ್ನೆಯಾಯಿತು. ಪತ್ರಿಕೆಯ ಓದುಗರು ಆ ಸಂಭಾಷಣೆಯನ್ನು ಕೇಳಿಸಿಕೊಳ್ಳುವ ಸಾಕ್ಷಿಗಳಾದರು. ಮೊಕದ್ದಮೆ ಹೂಡುವ ಅಧಿಕಾರವಿದ್ದ ಸರ್ಕಾರ, ಸುಮ್ಮನಿದ್ದರೆ ಆರೋಪ ಒಪ್ಪಿಕೊಂಡಂತಾಗುವ ಇಕ್ಕಟ್ಟಿಗೆ ಸಿಲುಕಿತು. ಈ ಮೂವರಲ್ಲಿ ಪತ್ರವನ್ನು ಮೆಚ್ಚಬೇಕಾಗಿದ್ದವರು ಓದುಗರು ಮಾತ್ರ. ಸರ್ಕಾರ ಮೆಚ್ಚಬೇಕಾಗಿರಲಿಲ್ಲ, ಸಿಟ್ಟಾದರೆ ಸಾಕಾಗಿತ್ತು. ಮನವೊಲಿಕೆ ಎಂದರೆ ಯಾವಾಗಲೂ ಎದುರಿನವರ ಒಪ್ಪಿಗೆ ಪಡೆಯುವುದೇ ಎಂದು ಭಾವಿಸಿದವರಿಗೆ ಇದು ಸ್ವಲ್ಪ ವಿಚಿತ್ರವಾಗಿ ತೋರಬಹುದು.

ಮಾಧ್ಯಮದ ಆಯ್ಕೆಯೂ ಸನ್ನಿವೇಶದ ಭಾಗವೇ. ಜೋಲಾ ಡ್ರೈಫಸ್ ಪರವಾದ ತನ್ನ ಮೊದಲ ಲೇಖನಗಳನ್ನು 1897ರ ಕೊನೆಯಲ್ಲಿ ‘ಫಿಗರೊ’ ಪತ್ರಿಕೆಗೆ ಬರೆದಿದ್ದ; ಓದುಗರ ಸಿಟ್ಟಿಗೆ ಹೆದರಿ ಪತ್ರಿಕೆ ಹಿಂದೆ ಸರಿದ ಮೇಲೆ ಕಿರುಹೊತ್ತಿಗೆಗಳ ಮೊರೆಹೋದ. ಕಿರುಹೊತ್ತಿಗೆಯನ್ನು ಕೊಳ್ಳುವವರು ಆಗಲೇ ಆಸಕ್ತಿ ಇರುವವರು. ‘ಲೋರೋರ್’ ಕೆಲವೇ ತಿಂಗಳ ಹಿಂದೆ, 1897ರ ಅಕ್ಟೋಬರ್‌ನಲ್ಲಿ ಹುಟ್ಟಿದ ಪತ್ರಿಕೆ; ಕಳೆದುಕೊಳ್ಳಲು ಅದಕ್ಕೆ ಹೆಚ್ಚೇನೂ ಇರಲಿಲ್ಲ. ಆ ದಿನ ಅದು ಸುಮಾರು 3 ಲಕ್ಷ ಪ್ರತಿಗಳನ್ನು ಅಚ್ಚುಹಾಕಿತು, ಎಂದಿನ ಪ್ರಸಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಶೀರ್ಷಿಕೆಯೂ ಜೋಲಾನದಲ್ಲ. ಅವನು ಕೊಟ್ಟದ್ದು ಗಣರಾಜ್ಯದ ಅಧ್ಯಕ್ಷರಿಗೆ ಪತ್ರ ಎಂಬ ಸಪ್ಪೆ ಹೆಸರು. ಪತ್ರದ ಕೊನೆಯ ಭಾಗದಲ್ಲಿ ಮತ್ತೆ ಮತ್ತೆ ಬರುವ ಮಾತನ್ನೇ ಎತ್ತಿ ದೊಡ್ಡಕ್ಷರದಲ್ಲಿ ಮುಖಪುಟಕ್ಕೆ ತಂದ ಶ್ರೇಯ ಅಲ್ಲಿನ ಸಂಪಾದಕ ಬಳಗದ ಜಾರ್ಜ್ ಕ್ಲೆಮಾನ್ಸೊಗೆ ಸಲ್ಲುತ್ತದೆ. ಲೇಖನದ ಪರಿಣಾಮವನ್ನೆಲ್ಲ ಲೇಖಕನೊಬ್ಬನ ಜಾಣ್ಮೆಗೆ ಕಟ್ಟುವ ಅಭ್ಯಾಸವನ್ನು ಈ ಒಂದು ಸಂಗತಿಯೇ ಅಲುಗಾಡಿಸುತ್ತದೆ.

ಲೇಖಕನ ವಿಶ್ವಾಸಾರ್ಹತೆ, ಭಾವನೆ, ತರ್ಕ ಎಂಬ ಅರಿಸ್ಟಾಟಲನ ಪ್ರಸಿದ್ಧ ಮೂರು ಸಾಧನಗಳನ್ನು ಇಲ್ಲಿಯವರೆಗೆ ಬೇಕೆಂದೇ ಬದಿಗಿಟ್ಟಿದ್ದೇನೆ, ಏಕೆಂದರೆ ಸನ್ನಿವೇಶ ಸ್ಪಷ್ಟವಾದ ಮೇಲೆಯೇ ಅವುಗಳಿಗೆ ಅರ್ಥ ಬರುತ್ತದೆ. ತಾನು ಆರೋಪಿಸುತ್ತಿರುವವರನ್ನು ತಾನು ಬಲ್ಲವನಲ್ಲ, ಎಂದೂ ನೋಡಿದವನಲ್ಲ, ಅವರ ಮೇಲೆ ತನಗೆ ದ್ವೇಷವಿಲ್ಲ ಎಂದು ಜೋಲಾ ಹೇಳುವ ಮಾತು ವಿಶ್ವಾಸಾರ್ಹತೆಯ ಸಾಧನ ಎಂಬುದು ನಿಜ. ಆದರೆ ಅದು ಏಕೆ ಬೇಕಾಯಿತು? ಡ್ರೈಫಸ್ ಪರ ಮಾತಾಡುವವರೆಲ್ಲ ಯಹೂದಿ ಹಣಕ್ಕೆ ಮಾರಿಕೊಂಡ ಒಂದು ಕೂಟದವರು ಎಂಬ ಪ್ರಚಾರ ಆಗಿನ ಪತ್ರಿಕೆಗಳಲ್ಲಿ ಜೋರಾಗಿತ್ತು. ಸ್ವಂತ ಲಾಭವೂ ಹಗೆಯೂ ಇಲ್ಲ ಎಂಬ ಘೋಷಣೆ ಆ ನಿರ್ದಿಷ್ಟ ಸಂಶಯಕ್ಕೆ ಕೊಟ್ಟ ನಿರ್ದಿಷ್ಟ ಉತ್ತರ. ಹಾಗೆಯೇ, ಅದಾಗಲೇ ಜಗತ್ಪ್ರಸಿದ್ಧನಾಗಿದ್ದ ಲೇಖಕನೊಬ್ಬ ತಾನಾಗಿ ಸೆರೆವಾಸದ ಅಪಾಯಕ್ಕೆ ಒಡ್ಡಿಕೊಳ್ಳುವುದು ಎಷ್ಟು ಗಟ್ಟಿ ಪ್ರಮಾಣವೋ, ಅಷ್ಟು ಗಟ್ಟಿಯಾದ ಪ್ರಮಾಣವನ್ನು ಯಾವ ವಿಶೇಷಣವೂ ಕೊಡಲಾರದು. ಅರಿಸ್ಟಾಟಲ್‌ನ ಇನ್ನೊಂದು ವಿಂಗಡಣೆ ಇಲ್ಲಿ ಹೆಚ್ಚು ಉಪಯುಕ್ತ ಎಂದು ನನಗನ್ನಿಸುತ್ತದೆ: ಮಾತನ್ನು ಅವನು ಕೇಳುಗನ ಕೆಲಸದ ಆಧಾರದ ಮೇಲೆ, ಆಗಿಹೋದುದನ್ನು ತೀರ್ಮಾನಿಸುವ ನ್ಯಾಯಾಲಯದ ಮಾತು, ಮುಂದೇನು ಮಾಡಬೇಕೆಂದು ನಿರ್ಧರಿಸುವ ಸಭೆಯ ಮಾತು, ಹೊಗಳುವ ಅಥವಾ ತೆಗಳುವ ಸಮಾರಂಭದ ಮಾತು ಎಂದು ಮೂರಾಗಿ ವಿಂಗಡಿಸಿದ. ಪತ್ರಿಕೆಯ ಓದುಗ ಸಾಮಾನ್ಯವಾಗಿ ಎರಡನೆಯ ಬಗೆಯ ಕೇಳುಗ. ಜೋಲಾ ಅವನನ್ನು ಎತ್ತಿ ನ್ಯಾಯಾಧೀಶನ ಪೀಠದಲ್ಲಿ ಕೂರಿಸಿದ.

ಬಿಟ್ಜರ್ ಅವರ ಸಿದ್ಧಾಂತಕ್ಕೆ ಬಂದ ದೊಡ್ಡ ಆಕ್ಷೇಪವೊಂದನ್ನು ಇಲ್ಲಿ ಹೇಳಲೇಬೇಕು. 1973ರಲ್ಲಿ ರಿಚರ್ಡ್ ವ್ಯಾಟ್ಜ್ ಎಂಬ ಇನ್ನೊಬ್ಬ ವಿದ್ವಾಂಸರು, ಸನ್ನಿವೇಶ ಹೊರಗೆಲ್ಲೋ ಸಿದ್ಧವಾಗಿದ್ದು ಮಾತನ್ನು ಕರೆಯುತ್ತದೆ ಎಂಬುದೇ ಒಂದು ಮಿಥ್ಯೆ ಎಂದು ವಾದಿಸಿದರು. ಜಗತ್ತಿನಲ್ಲಿ ಘಟನೆಗಳು ಲೆಕ್ಕವಿಲ್ಲದಷ್ಟು. ಅವುಗಳಲ್ಲಿ ಯಾವುದನ್ನು ಆರಿಸಿ, ಯಾವ ಹೆಸರಿಟ್ಟು, ಎಷ್ಟು ದೊಡ್ಡದಾಗಿ ತೋರಿಸಬೇಕು ಎಂಬುದನ್ನು ನಿರ್ಧರಿಸುವವರು ಲೇಖಕರೇ, ಆದ್ದರಿಂದ ತುರ್ತನ್ನು ಸೃಷ್ಟಿಸುವುದು ಮಾತು ಎಂಬುದು ಅವರ ನಿಲುವು. ಜೋಲಾನ ಉದಾಹರಣೆಯಲ್ಲಿ ಇಬ್ಬರ ಮಾತಿಗೂ ಆಧಾರವಿದೆ. ಜನವರಿ 11ರ ತೀರ್ಪನ್ನು ಜೋಲಾ ಕಲ್ಪಿಸಿಕೊಳ್ಳಲಿಲ್ಲ. ಆದರೆ ಜನವರಿ 12ರಂದು ಬಹುಪಾಲು ಫ್ರೆಂಚರ ಪಾಲಿಗೆ ಅಲ್ಲೊಂದು ತುರ್ತು ಇದೆ ಎಂದೇ ಅನ್ನಿಸಿರಲಿಲ್ಲ. ಅವರಿಗೆ ಆ ತೀರ್ಪು ಒಂದು ಪ್ರಕರಣದ ಮುಕ್ತಾಯ. ಮುಕ್ತಾಯವನ್ನು ಅಪರಾಧವೆಂದು ಮರುಹೆಸರಿಸಿದ್ದು ಪತ್ರ. ವ್ಯಾಟ್ಜ್ ಅವರ ಎಚ್ಚರಿಕೆ ವಿಶ್ಲೇಷಕನಿಗೆ ಬಹಳ ಬೇಕಾದದ್ದು, ಏಕೆಂದರೆ ಲೇಖನವು ತನ್ನ ಸನ್ನಿವೇಶವನ್ನು ವರ್ಣಿಸುವಾಗ ಬಳಸುವ ಪದಗಳನ್ನೇ ನಾವು ನಮ್ಮ ವಿಶ್ಲೇಷಣೆಯಲ್ಲೂ ಬಳಸಿಬಿಟ್ಟರೆ, ಅದಕ್ಕೆ ನಾವು ಆಗಲೇ ಒಲಿದುಬಿಟ್ಟಿರುತ್ತೇವೆ. ಲೇಖನವೊಂದು ಬಿಕ್ಕಟ್ಟು ಎನ್ನುವುದನ್ನು ಇನ್ನೊಬ್ಬರು ಏರಿಳಿತ ಎನ್ನಬಹುದು. ಹಾಗಾಗಿ ಎದುರಾಳಿಗಳು ಅದೇ ವಾರ ಬರೆದದ್ದನ್ನು ಓದದೆ ಸನ್ನಿವೇಶದ ಬಗ್ಗೆ ತೀರ್ಪು ಕೊಡುವುದು ಆತುರದ ಕೆಲಸ.

ಸನ್ನಿವೇಶವನ್ನು ತಿಳಿಯಲು ಸಾಕ್ಷ್ಯ ಎಲ್ಲಿಂದ ಸಿಗುತ್ತದೆ? ಒಂದಷ್ಟು ಪಠ್ಯದಲ್ಲೇ ಇರುತ್ತದೆ. ಲೇಖಕರು ಯಾವುದನ್ನು ವಿವರಿಸದೆ ಬಿಟ್ಟಿದ್ದಾರೆ ಎಂಬುದು ಓದುಗರಿಗೆ ಏನು ಗೊತ್ತಿದೆಯೆಂದು ಅವರು ಭಾವಿಸಿದ್ದಾರೆ ಎಂಬುದನ್ನು ತೋರಿಸುತ್ತದೆ; ಯಾವ ಆಕ್ಷೇಪಕ್ಕೆ ಕೇಳದೆಯೇ ಉತ್ತರ ಕೊಟ್ಟಿದ್ದಾರೆ ಎಂಬುದು ಅವರಿಗೆ ಯಾರ ಭಯವಿದೆ ಎಂಬುದನ್ನು ತೋರಿಸುತ್ತದೆ; ‘ನಾವು’ ಎಂಬ ಪದದೊಳಗೆ ಯಾರು ಬರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದು ಇನ್ನೂ ಹೆಚ್ಚನ್ನು ಹೇಳುತ್ತದೆ. ಉಳಿದದ್ದು ಹೊರಗಿನದು: ಪ್ರಕಟಣೆಯ ದಿನಾಂಕ, ಅದರ ಹಿಂದುಮುಂದಿನ ಘಟನೆಗಳು, ಪತ್ರಿಕೆಯ ಒಲವು, ಅದೇ ಲೇಖಕರ ಹಿಂದಿನ ಬರಹಗಳು, ಆಗಿದ್ದ ಕಾನೂನು. ಇಲ್ಲಿ ಪಾಲಿಸಬೇಕಾದ ಶಿಸ್ತೊಂದಿದೆ. ಲೇಖಕರಿಗೆ ಆ ದಿನ ಏನು ತಿಳಿದಿತ್ತು ಎಂಬುದನ್ನೂ ನಮಗೆ ಈಗ ಏನು ತಿಳಿದಿದೆ ಎಂಬುದನ್ನೂ ಬೆರೆಸಬಾರದು. ಜೋಲಾ ತನ್ನ ಪತ್ರದಲ್ಲಿ ಇಡೀ ಸಂಚಿನ ಮುಖ್ಯ ಸೂತ್ರಧಾರನೆಂದು ಬೊಟ್ಟುಮಾಡಿದ್ದು ಡು ಪಾಟಿ ದ ಕ್ಲಾಮ್ ಎಂಬ ಅಧಿಕಾರಿಯನ್ನು. ಡ್ರೈಫಸ್ ವಿರುದ್ಧ ದಾಖಲೆಯನ್ನೇ ನಕಲಿ ಮಾಡಿದ್ದ ಆನ್ರಿ ಎಂಬ ಅಧಿಕಾರಿಯ ಹೆಸರು ಆ ಕೊನೆಯ ಆರೋಪಗಳ ಸಾಲಿನಲ್ಲಿ ಇಲ್ಲವೇ ಇಲ್ಲ. ಇತಿಹಾಸಕಾರನಿಗೆ ಇದು ತಪ್ಪು. ವಿಶ್ಲೇಷಕನಿಗೆ ಇದು ಮೊದಲು ಒಂದು ನಿರ್ಬಂಧ: ಆ ನಕಲಿಯ ವಿಷಯ ಹೊರಬಂದದ್ದೇ 1898ರ ಆಗಸ್ಟ್‌ನಲ್ಲಿ.

ಪರಿಣಾಮವನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟದ ಭಾಗ, ಮತ್ತು ಹೆಚ್ಚಿನ ವಿಶ್ಲೇಷಣೆಗಳು ಇಲ್ಲಿಯೇ ಸಡಿಲವಾಗುತ್ತವೆ. ಲೇಖನ ಪ್ರಭಾವಶಾಲಿಯಾಗಿತ್ತು ಎಂದರೆ ಯಾರ ಮೇಲೆ, ಯಾವ ಅಳತೆಯಲ್ಲಿ, ಎಷ್ಟು ಕಾಲದೊಳಗೆ ಎಂದು ಹೇಳಬೇಕಾಗುತ್ತದೆ. ಜೋಲಾನ ಪತ್ರ ಪ್ರಕಟವಾದ ಮರುದಿನದಿಂದಲೇ ಪ್ರಕರಣದ ಮರುವಿಚಾರಣೆ ಕೋರಿ ಲೇಖಕರು, ವಿದ್ವಾಂಸರು ಸಹಿ ಹಾಕಿದ ಮನವಿಗಳು ಅಚ್ಚಾಗತೊಡಗಿದವು. ಅದೇ ವಾರಗಳಲ್ಲಿ ಫ್ರಾನ್ಸ್ ಮತ್ತು ಅಲ್ಜೀರಿಯಾದ ಹಲವು ನಗರಗಳಲ್ಲಿ ಯಹೂದಿಗಳ ವಿರುದ್ಧ ಗಲಭೆಗಳೂ ನಡೆದವು. ಅದೇ ಪತ್ರಕ್ಕೆ ಬಂದ ಈ ಎರಡು ಪ್ರತಿಕ್ರಿಯೆಗಳಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಡುವುದು ಪ್ರಾಮಾಣಿಕ ವಿಶ್ಲೇಷಣೆಯಾಗದು. ಇನ್ನು ಜೋಲಾ ತಾನೇ ಇಟ್ಟುಕೊಂಡ ಗುರಿ, ಅಂದರೆ ಬಹಿರಂಗ ವಿಚಾರಣೆ, ಅರ್ಧ ಮಾತ್ರ ಕೈಗೂಡಿತು. ಸರ್ಕಾರ ಮೊಕದ್ದಮೆಯನ್ನೇನೋ ಹೂಡಿತು. ಆದರೆ ಇಡೀ ಪತ್ರದ ಬದಲು, ಎಸ್ಟರ್‌ಹಾಜಿಯನ್ನು ಮೇಲಿನ ಆದೇಶದಂತೆ ಬಿಡುಗಡೆ ಮಾಡಲಾಯಿತು ಎಂಬ ಅರ್ಥದ ಕೆಲವೇ ಸಾಲುಗಳಿಗೆ ಅದನ್ನು ಸೀಮಿತಗೊಳಿಸಿತು, ಮತ್ತು ನ್ಯಾಯಾಧೀಶರು ಡ್ರೈಫಸ್ ಪ್ರಕರಣದ ಬಗ್ಗೆ ಬಂದ ಪ್ರಶ್ನೆಗಳನ್ನು ಮತ್ತೆ ಮತ್ತೆ ತಡೆದರು. ಜೋಲಾ ಕಾನೂನನ್ನು ಆಯುಧ ಮಾಡಿಕೊಂಡಿದ್ದರೆ, ಎದುರಿನವರು ಅದೇ ಕಾನೂನಿನ ಬಾಯಿಯನ್ನು ಕಿರಿದುಗೊಳಿಸಿದರು. 1898ರ ಫೆಬ್ರವರಿ 23ರಂದು ಅವನಿಗೆ ಒಂದು ವರ್ಷದ ಸೆರೆವಾಸ ಮತ್ತು 3000 ಫ್ರಾಂಕ್ ದಂಡ ವಿಧಿಸಲಾಯಿತು. ಆ ತೀರ್ಪು ರದ್ದಾಗಿ ಮರುವಿಚಾರಣೆ ಆರಂಭವಾದಾಗ, ಜುಲೈನಲ್ಲಿ ಅವನು ಇಂಗ್ಲೆಂಡಿಗೆ ತೆರಳಿದ.

ಆದರೆ ಆ ಇಕ್ಕಟ್ಟಾದ ವಿಚಾರಣೆಯ ನಡುವೆಯೇ, ಡ್ರೈಫಸ್ ತಪ್ಪಿತಸ್ಥನೆಂಬುದಕ್ಕೆ ಸೇನೆಯ ಬಳಿ ಅಖಂಡ ಪುರಾವೆಯಿದೆ ಎಂದು ತೋರಿಸುವ ಹುಮ್ಮಸ್ಸಿನಲ್ಲಿ, ಸಾಕ್ಷಿಯಾಗಿ ಬಂದ ಸೇನಾನಿ ಪೆಲಿಯೂ ಅದುವರೆಗೆ ಗುಟ್ಟಾಗಿದ್ದ ಒಂದು ದಾಖಲೆಯ ಪ್ರಸ್ತಾಪ ಮಾಡಿದ. ಆನ್ರಿ ನಕಲಿ ಮಾಡಿದ್ದ ಕಾಗದ ಅದೇ. ಜುಲೈ 7ರಂದು ಯುದ್ಧಮಂತ್ರಿ ಕವಾನ್ಯಾಕ್ ಅದನ್ನು ಸಂಸತ್ತಿನಲ್ಲೇ ಓದಿದ. ಬಹಿರಂಗವಾದ ಮೇಲೆ ಅದನ್ನು ಪರಿಶೀಲಿಸುವುದು ಅನಿವಾರ್ಯವಾಯಿತು. ಆಗಸ್ಟ್‌ನಲ್ಲಿ ಅದರ ಬಣ್ಣ ಬಯಲಾಗಿ ಆನ್ರಿ ಸೆರೆಮನೆಯಲ್ಲಿ ಆತ್ಮಹತ್ಯೆ ಮಾಡಿಕೊಂಡ. ಡ್ರೈಫಸ್‌ಗೆ 1899ರಲ್ಲಿ ಕ್ಷಮಾದಾನವೂ 1906ರಲ್ಲಿ ಪೂರ್ಣ ದೋಷಮುಕ್ತಿಯೂ ಸಿಕ್ಕವು. ಈ ಸರಪಳಿಯ ಎಷ್ಟು ಕೊಂಡಿಗಳನ್ನು ಆ ಪತ್ರದ ಲೆಕ್ಕಕ್ಕೆ ಸೇರಿಸಬಹುದು? ವಿಚಾರಣೆ ನಡೆಯುವಂತೆ ಮಾಡಿದ್ದು ಪತ್ರ. ಆ ವಿಚಾರಣೆ ಇಲ್ಲದಿದ್ದರೆ ಪೆಲಿಯೂ ಬಾಯಿಬಿಡುವ ಸಂದರ್ಭವೇ ಬರುತ್ತಿರಲಿಲ್ಲ. ಪೆಲಿಯೂನ ಹುಮ್ಮಸ್ಸಾಗಲಿ, ಕವಾನ್ಯಾಕ್‌ನ ಅತಿಯಾದ ಆತ್ಮವಿಶ್ವಾಸವಾಗಲಿ ಪತ್ರದ ಯೋಜನೆಯಲ್ಲಿ ಇರಲಿಲ್ಲ. ಮೊದಲನೆಯದನ್ನು ಪತ್ರದ ಪರಿಣಾಮವೆಂದೂ ಉಳಿದವನ್ನು ಆ ಪರಿಣಾಮದ ಮೇಲೆ ಬೇರೆಯವರು ಕಟ್ಟಿದ ಘಟನೆಗಳೆಂದೂ ಬೇರ್ಪಡಿಸಿ ಬರೆದ ವಿಶ್ಲೇಷಣೆಯನ್ನು ಓದುಗ ಒಂದೊಂದು ಹೆಜ್ಜೆಯಲ್ಲೂ ಪರೀಕ್ಷಿಸಿ ನೋಡಬಹುದು.